ನಿಧಾನಗತಿಯಲ್ಲಿ ಬೈಕು ಜಗ್ಗುತ್ತದೆ: ಎಲ್ಲಿಂದ ಸರಿಪಡಿಸಲು ತೊಡಗಬೇಕು?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ನನ್ನದು ಒಂದೇ ಸಿಲಿಂಡರಿನ, ಇಂಜೆಕ್ಟರ್ ಇರುವ 350 ಸಿಸಿಯ ಬಿಎಸ್-6 (ಹೊಗೆ ಮಿತಿಯ ನಿಯಮ) ಬೈಕು. ಐವತ್ತರ ಮೇಲಿನ ವೇಗದಲ್ಲಿ ಯಾವ ತಕರಾರೂ ಇಲ್ಲ. ಆದರೆ ಆಗುಂಬೆ ಘಾಟಿಯ ತಿರುವುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟು, ತಿರುವಿನ ನಡುವೆ ಮತ್ತೆ ತುಸುವೇ ತಿರುಗಿಸಿದರೂ ಬೈಕು ಮುಂದಕ್ಕೆ ನೆಗೆಯುತ್ತದೆ. ಬಿಟ್ಟರೆ ಅಷ್ಟೇ ಗಡುಸಾಗಿ ಹಿಂದಕ್ಕೆ ಜಗ್ಗುತ್ತದೆ. ಹಿಂದೆ ಕುಳಿತವರ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿಗೆ ಟಕ್ಕೆಂದು ಬಡಿಯುತ್ತದೆ. ಮಳೆಗಾಲದಲ್ಲಿ, ರಸ್ತೆಯ ಮೇಲೆ ಎಲೆ ಕೊಳೆತು ಜಾರುವಾಗ, ಈ ಜಗ್ಗಾಟ ನಿಜಕ್ಕೂ ಅಪಾಯಕಾರಿ ಎನಿಸುತ್ತದೆ. ಸ್ಪಾರ್ಕ್ ಪ್ಲಗ್ ಮತ್ತು ಏರ್ ಫಿಲ್ಟರ್ ಹೊಸವು. ಆಕ್ಸಿಜನ್ ಸೆನ್ಸರಿನ ವೈರಿಗೆ ಜೋಡಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಹಾಕಿಸಿದರೆ ಸರಿಹೋಗುತ್ತದೆ ಎಂದು ಒಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಅದಕ್ಕೆ ಹಣ ಹಾಕುವ ಮೊದಲು ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಉತ್ತರ 1 (ಸಾಗರದ ಮೆಕ್ಯಾನಿಕ್)

ಪೆಟ್ಟಿಗೆಯ ಮಾತನ್ನು ಸದ್ಯಕ್ಕೆ ಬದಿಗಿಡಿ. ಗೇರಿನಲ್ಲಿರುವಾಗ ಆಕ್ಸಿಲರೇಟರನ್ನು ಪೂರ್ತಿ ಬಿಟ್ಟರೆ, ಎಂಜಿನ್ ಒಂದು ಮಟ್ಟಕ್ಕಿಂತ ಹೆಚ್ಚು ಸುತ್ತುತ್ತಿರುವಷ್ಟು ಹೊತ್ತು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್) ಪೆಟ್ರೋಲ್ ಸಿಂಪಡಿಸುವುದನ್ನೇ ನಿಲ್ಲಿಸುತ್ತದೆ. ಮತ್ತೆ ತಿರುಗಿಸಿದಾಗ ಅದು ಒಮ್ಮೆಲೇ ಶುರುವಾಗುತ್ತದೆ. ಇದು ದೋಷವಲ್ಲ, ಇಂಧನ ಉಳಿಸಲು ಮತ್ತು ಹೊಗೆ ತಗ್ಗಿಸಲು ಕಂಪನಿಯವರೇ ಇಟ್ಟಿರುವ ವ್ಯವಸ್ಥೆ. ಆದರೆ ಹೀಗೆ ಬಂದ ಶಕ್ತಿ ಹಿಂದಿನ ಚಕ್ರವನ್ನು ಮುಟ್ಟುವ ದಾರಿಯಲ್ಲಿ ಎಲ್ಲೆಲ್ಲಿ ಸಡಿಲವಿದೆಯೋ ಅಲ್ಲೆಲ್ಲ ಮೊದಲು ಖಾಲಿ ಸುತ್ತಿ, ಆಮೇಲೆ ಬಡಿಯುತ್ತದೆ. ನಿಮಗೆ ತಿಳಿಯುವ ಜರ್ಕ್ ಬಹುಪಾಲು ಆ ಬಡಿತವೇ.

ಮೊದಲು ಆಕ್ಸಿಲರೇಟರ್ ಕೇಬಲ್ ನೋಡಿ. ಹಿಡಿಯ ಅಂಚಿನಲ್ಲಿ ಅಳೆದರೆ ಎಂಜಿನ್ ಸ್ಪಂದಿಸುವ ಮೊದಲು ಎಷ್ಟು ಖಾಲಿ ತಿರುಗುತ್ತದೆ ಎಂಬುದು ಗೊತ್ತಾಗುತ್ತದೆ. ಮಾದರಿಗೆ ತಕ್ಕಂತೆ ಕೈಪಿಡಿಯಲ್ಲಿ 2ರಿಂದ 6 ಮಿ.ಮೀ. ಒಳಗಿನ ಯಾವುದೋ ಒಂದು ಅಳತೆ ಕೊಟ್ಟಿರುತ್ತಾರೆ. ಅದಕ್ಕಿಂತ ಹೆಚ್ಚಿದ್ದರೆ ಲಾಕ್ ನಟ್ ಸಡಿಲಿಸಿ ಅಡ್ಜಸ್ಟರಿನಿಂದ ಕಡಿಮೆ ಮಾಡಬಹುದು. ಅದಾದ ಮೇಲೆ ಬೈಕನ್ನು ನ್ಯೂಟ್ರಲ್ಲಿನಲ್ಲಿ ಚಾಲೂ ಮಾಡಿ ಹ್ಯಾಂಡಲನ್ನು ಎಡಬಲಕ್ಕೆ ಪೂರ್ತಿ ತಿರುಗಿಸಿ ನೋಡುವುದನ್ನು ತಪ್ಪಿಸಬೇಡಿ. ಆಗ ಎಂಜಿನ್ನಿನ ಸದ್ದು ಏರಿದರೆ ಕೇಬಲ್ ಬಿಗಿಯಾಗಿದೆ ಎಂದರ್ಥ, ಮತ್ತು ಅಂಥ ಬೈಕನ್ನು ಘಾಟಿಗೆ ಒಯ್ಯಲೇಬಾರದು.

ಎರಡನೆಯದು ಚೈನಿನ ಸಡಿಲ. ಇದರಲ್ಲಿ ಜನ ಆತುರಪಟ್ಟು ಬಿಗಿ ಮಾಡಿಬಿಡುತ್ತಾರೆ. ಇಬ್ಬರು ಕುಳಿತು ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ಚೈನು ತಾನಾಗಿಯೇ ಇನ್ನಷ್ಟು ಬಿಗಿಯಾಗುವುದರಿಂದ, ಸ್ಟ್ಯಾಂಡಿನ ಮೇಲೆ ಅಲುಗಾಡದಂತೆ ಬಿಗಿದ ಚೈನು ರಸ್ತೆಯಲ್ಲಿ ಗೇರ್‌ಬಾಕ್ಸಿನ ಬೇರಿಂಗನ್ನು ತಿನ್ನುತ್ತದೆ. ಸ್ವಿಂಗ್ ಆರ್ಮಿನ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರಿನಲ್ಲೋ ಕೈಪಿಡಿಯಲ್ಲೋ ಇರುವ ಸಡಿಲದ ಅಳತೆಯನ್ನೇ ಪಾಲಿಸಿ.

ಮೂರನೆಯದು, ಹೆಚ್ಚಿನವರು ನೋಡದೇ ಬಿಡುವುದು, ಹಿಂದಿನ ಹಬ್ಬಿನೊಳಗಿನ (ಚಕ್ರದ ನಡುಭಾಗ) ರಬ್ಬರುಗಳು. ಎಂಜಿನ್ ಆಫ್ ಮಾಡಿ, ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರವನ್ನು ಒಬ್ಬರು ಗಟ್ಟಿಯಾಗಿ ಹಿಡಿದಿರುವಾಗ ಸ್ಪ್ರಾಕೆಟ್ಟನ್ನು (ಚೈನು ಕೂರುವ ಹಲ್ಲುಚಕ್ರ) ಹಿಂದೆ ಮುಂದೆ ಆಡಿಸಿ ನೋಡಿ. ಅದು ಕೈಗೆ ತಿಳಿಯುವಷ್ಟು ಅಲುಗಾಡಿದರೆ ರಬ್ಬರು ಸವೆದಿದೆ. ಹಳೆಯ ಟ್ಯೂಬಿನ ತುಂಡು ಸಿಕ್ಕಿಸಿ ಬಿಗಿ ಮಾಡುವ ಪದ್ಧತಿ ನಮ್ಮಲ್ಲಿ ಇದೆ, ಕೆಲವು ಕಾಲ ನಡೆಯುತ್ತದೆ ಕೂಡ. ಆದರೆ ಹೊಸ ರಬ್ಬರಿಗೆ ತಗಲುವ ಖರ್ಚು ಅಷ್ಟೇನೂ ಇಲ್ಲದಿರುವಾಗ ಆ ಉಪಾಯವನ್ನು ನಾನು ಹೇಳಲಾರೆ.

ಉತ್ತರ 2 (ಶಿವಮೊಗ್ಗದಿಂದ)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ಗಾಳಿ-ಪೆಟ್ರೋಲಿನ ಕಡೆಯನ್ನು ಪೂರ್ತಿ ಬಿಡುವಂತಿಲ್ಲ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯೊಳಗಿನ ತಟ್ಟೆ ಮುಚ್ಚಿಕೊಳ್ಳುವ ಅಂಚಿನಲ್ಲಿ ಕಾಲಕ್ರಮೇಣ ಕಪ್ಪು ಮಸಿಯ ಉಂಗುರವೊಂದು ಕಟ್ಟುತ್ತದೆ. ತಟ್ಟೆ ಅರ್ಧ ತೆರೆದಿರುವಾಗ ಅದರಿಂದ ಏನೂ ಆಗದು. ಕೂದಲೆಳೆಯಷ್ಟು ತೆರೆದಿರುವಾಗ ಮಾತ್ರ ಗಾಳಿ ಹೋಗುವ ಸಂದಿಯೇ ಅಷ್ಟಿರುವುದರಿಂದ, ಆ ಮಸಿ ಮೊದಲು ಗಾಳಿಯನ್ನು ತಡೆದು ಆಮೇಲೆ ಒಮ್ಮೆಲೇ ಬಿಡುತ್ತದೆ. ಥ್ರಾಟಲ್ ಬಾಡಿ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಮೆಲ್ಲಗೆ ಒರೆಸಿದರೆ ಸಾಕು. ಚಾಕುವಿನಿಂದ ಕೆರೆಯುವುದು ಬೇಡ, ಅದರ ಮೇಲಿನ ಸೆನ್ಸರಿನ ಸ್ಕ್ರೂಗಳನ್ನು ಮುಟ್ಟುವುದು ಖಂಡಿತ ಬೇಡ. ಥ್ರಾಟಲ್ ಬಾಡಿಗೂ ಎಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಪೆಟ್ಟಿಗೆಯ ವಿಷಯ: 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮಕ್ಕೆ ಹೊಂದುವಂತೆ ಈ ಬೈಕುಗಳಲ್ಲಿ ಆಕ್ಸಿಜನ್ ಸೆನ್ಸರು ಹೊಗೆಯನ್ನು ಗಮನಿಸುತ್ತಾ ಮಿಶ್ರಣವನ್ನು ತಿದ್ದುತ್ತಿರುತ್ತದೆ. ಆ ಪೆಟ್ಟಿಗೆ ಸೆನ್ಸರಿನ ಸಂಕೇತವನ್ನು ಬದಲಿಸಿ ಪೆಟ್ರೋಲನ್ನು ತುಸು ಹೆಚ್ಚಿಸುತ್ತದೆ. ಎಂಜಿನ್ ಮೆದುವಾದಂತೆ ಅನ್ನಿಸಬಹುದು, ಆದರೆ ಮೈಲೇಜು ಇಳಿಯುತ್ತದೆ, ವಾರಂಟಿಗೆ ತೊಂದರೆಯಾಗಬಹುದು, ಮತ್ತು ಸಡಿಲ ಚೈನು ಸಡಿಲವಾಗಿಯೇ ಉಳಿಯುತ್ತದೆ.

ಉತ್ತರ 3 (ಹೊಸನಗರದಿಂದ)

ಸವಾರಿಯ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸೇರಿಸುತ್ತೇನೆ. ಒಂದೇ ಸಿಲಿಂಡರಿನ ಎಂಜಿನ್ 2,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಎರಡು ಸುತ್ತಿಗೊಮ್ಮೆಯಂತೆ ಸೆಕೆಂಡಿಗೆ ಸುಮಾರು 17 ಸಲ ಮಾತ್ರ ಸಿಡಿಯುತ್ತದೆ. ಅದಕ್ಕಿಂತ ಕೆಳಗೆ ಎಳೆದರೆ ಪ್ರತಿಯೊಂದು ಸಿಡಿತವೂ ಚೈನನ್ನು ಬೇರೆಬೇರೆಯಾಗಿ ಜಗ್ಗುತ್ತದೆ. ಹುಲಿಕಲ್ ಘಾಟಿಯ ಕಡಿದಾದ ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಗುದ್ದಾಡುವ ಬದಲು ಮೊದಲನೆಯದಕ್ಕೆ ಇಳಿಸಿ, ಆಕ್ಸಿಲರೇಟರನ್ನು ಪೂರ್ತಿ ಬಿಡದೆ ಎಳ್ಳಷ್ಟು ಹಿಡಿದುಕೊಂಡು, ವೇಗವನ್ನು ಹಿಂದಿನ ಬ್ರೇಕಿನಿಂದ ಹದಗೊಳಿಸುವುದು ನನ್ನ ರೂಢಿ. ತೀರಾ ಇಕ್ಕಟ್ಟಿನಲ್ಲಿ ತುಸು ಹಾಫ್ ಕ್ಲಚ್ ಬಳಸಿದರೆ ತಪ್ಪಿಲ್ಲ, ಉದ್ದಕ್ಕೂ ಬಳಸಬಾರದು. ಇಳಿಜಾರಿನಲ್ಲಿ ಮಾತ್ರ ಬ್ರೇಕನ್ನು ಸತತವಾಗಿ ಒತ್ತಿಹಿಡಿದು ಕಾಯಿಸಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಕೇಬಲ್ ಸರಿಯಾಗಿಯೇ ಇತ್ತು, ಹಬ್ ರಬ್ಬರು ಅಲುಗಾಡಲಿಲ್ಲ. ಚೈನಿನಲ್ಲಿ ಒಂದು ವಿಚಿತ್ರ ಕಂಡಿತು. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಾ ಅಳೆದರೆ, ಒಂದು ಜಾಗದಲ್ಲಿ ಬಿಗಿಯಾಗಿ 15 ಮಿ.ಮೀ. ಆಡುವ ಚೈನು, ಇನ್ನೊಂದು ಜಾಗದಲ್ಲಿ 40 ಮಿ.ಮೀ. ಜೋತು ಬೀಳುತ್ತದೆ. ಮನೆಗೆ ಬರುವ ತೋಟದ ಮಣ್ಣುದಾರಿಯಲ್ಲಿ ಮಳೆಗಾಲವಿಡೀ ಓಡಿಸಿದ ಬೈಕು ಇದು. ಈಗ ಯಾವ ಜಾಗವನ್ನು ಲೆಕ್ಕಕ್ಕೆ ಹಿಡಿದು ಹೊಂದಿಸಬೇಕು?

ಉತ್ತರ 1 (ಸಾಗರದ ಮೆಕ್ಯಾನಿಕ್)

ಚೈನು ಒಂದೇ ಸಮನಾಗಿ ಸವೆದಿಲ್ಲ. ಕೆಲವು ಕೊಂಡಿಗಳು ತುಕ್ಕು ಹಿಡಿದು ಮಡಚದೆ ನಿಂತಿರುತ್ತವೆ, ಕೆಲವು ಹಿಗ್ಗಿರುತ್ತವೆ. ಮೊದಲು ಎಂಜಿನ್ ಆಫ್ ಮಾಡಿ, ಸೀಮೆಎಣ್ಣೆ ಮತ್ತು ಮೆದು ಬ್ರಷ್ಷಿನಿಂದ ತೊಳೆದು, ಒರೆಸಿ, 90ರ ಗೇರ್ ಆಯಿಲ್ ಹಾಕಿ ಮತ್ತೊಮ್ಮೆ ಅಳೆಯಿರಿ. ಪೆಟ್ರೋಲ್ ಬಳಸಬೇಡಿ, ಅದು ಓ-ರಿಂಗುಗಳನ್ನು (ಕೊಂಡಿಗಳ ನಡುವಿನ ರಬ್ಬರ್ ಬಳೆಗಳು) ಹಾಳುಮಾಡುತ್ತದೆ. ಎಂಜಿನ್ ಓಡುವಾಗ ಚೈನು ಒರೆಸಲು ಹೋಗಿ ಬೆರಳು ಕಳೆದುಕೊಂಡವರಿದ್ದಾರೆ, ಆದ್ದರಿಂದ ಆಫ್ ಎಂದು ಒತ್ತಿ ಹೇಳುತ್ತಿದ್ದೇನೆ. ಆಮೇಲೂ ಇಷ್ಟೇ ಅಂತರ ಉಳಿದರೆ, ಯಾವಾಗಲೂ ಅತಿ ಬಿಗಿಯಾದ ಜಾಗವನ್ನೇ ಹಿಡಿದು ಹೊಂದಿಸಬೇಕು. ಹಾಗೆ ಹೊಂದಿಸಿದಾಗ ಸಡಿಲ ಜಾಗದಲ್ಲಿ ಜರ್ಕ್ ಉಳಿದೇ ಉಳಿಯುತ್ತದೆ. ಹೀಗಾಗಿ ಅದು ತಾತ್ಕಾಲಿಕ. ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೆ ಬದಲಿಸಿ, ಏಕೆಂದರೆ ಸವೆದ ಹಲ್ಲಿನ ಮೇಲೆ ಹೊಸ ಚೈನು ಬೇಗ ಹಾಳಾಗುತ್ತದೆ. ಹೊಸ ಚೈನು ಮೊದಲ ಕೆಲವು ನೂರು ಕಿಲೋಮೀಟರುಗಳಲ್ಲಿ ತುಸು ಹಿಗ್ಗುವುದರಿಂದ, ಅಷ್ಟು ಓಡಿದ ಮೇಲೆ ಇನ್ನೊಮ್ಮೆ ಅಳತೆ ನೋಡಿಸಿ. ಥ್ರಾಟಲ್ ಬಾಡಿಯನ್ನು ಅದರ ನಂತರವೂ ಜಗ್ಗಿದರೆ ಮಾತ್ರ ಬಿಚ್ಚಿಸಿ.