ಅಪ್‌ಡೇಟ್: ಬ್ರೇಕ್ ಹಿಡಿದುಕೊಳ್ಳಲು ಕಾರಣ ಕ್ಯಾಲಿಪರ್ ಅಲ್ಲ, ಹೋಸ್

ಈಚೆಗೆ ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನ ಮುಂದಿನ ಎಡಚಕ್ರ ಪೆಡಲ್ ಬಿಟ್ಟ ಮೇಲೂ ಬಿಗಿಯಾಗೇ ಇರುತ್ತೆ, ರಿಮ್ ಮುಟ್ಟೋಕಾಗದಷ್ಟು ಕಾಯುತ್ತೆ ಅಂತ ಕೇಳಿದ್ದೆ. ಈಗ ಸರಿಹೋಯ್ತು.

ಜಾಕ್ ಸ್ಟ್ಯಾಂಡ್ ಮೇಲಿಟ್ಟು, ಪೆಡಲ್ ಒತ್ತಿ ಬಿಟ್ಟು ನೋಡಿದ್ದು. ಚಕ್ರಕ್ಕೆ ಬ್ರೇಕ್ ಆಯಿಲ್ ಒಯ್ಯುವ ರಬ್ಬರ್ ಕೊಳವೆ, ಅಂದ್ರೆ ಹೋಸ್‌ನ ಮೇಲ್ತುದಿಯ ನಟ್ ಸಡಿಲಿಸಿದರೂ ಚಕ್ರ ಬಿಡಲಿಲ್ಲ. ಕ್ಯಾಲಿಪರ್‌ನ (ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಭಾಗ) ಬ್ಲೀಡರ್, ಅಂದ್ರೆ ಆಯಿಲ್-ಗಾಳಿ ಹೊರಬಿಡೋ ಸ್ಕ್ರೂ, ಕಾಲು ಸುತ್ತು ತಿರುವಿದ ಕೂಡಲೇ ಆಯಿಲ್ ಚಿಮ್ಮಿ, ಚಕ್ರ ಸಲೀಸಾಗಿ ತಿರುಗಿತು. ಅಂದ್ರೆ ಕ್ಯಾಲಿಪರ್‌ನೊಳಗೆ ಪ್ಯಾಡ್ ತಳ್ಳುವ ಪಿಸ್ಟನ್ ಜಾಮ್ ಆಗಿಲ್ಲ. ಹೋಸ್ ಕಟ್ಟಿಕೊಂಡು ಆಯಿಲ್ ಹಿಂದಕ್ಕೆ ಹೋಗದೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ. ಹಳೇ ಹೋಸ್ ಕೊಯ್ದು ನೋಡಿದರೆ ಒಳಪದರ ಊದಿ, ಸೂಜಿ ತೂರುವಷ್ಟೇ ದಾರಿ! ಹೊರಗಡೆ ಒಂದು ಬಿರುಕೂ ಇಲ್ಲ.

ಎಡ-ಬಲ ಎರಡೂ ಹೋಸ್, ತಾಮ್ರದ ವಾಷರ್ ಹೊಸದು. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹಾಕಿ ಗುಳ್ಳೆ ನಿಲ್ಲೋವರೆಗೆ ಬ್ಲೀಡಿಂಗ್ (ಪೈಪಿನ ಗಾಳಿ ತೆಗೆಯೋದು). ಕ್ಯಾಲಿಪರ್ ಆಚೀಚೆ ಜಾರೋ ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸ್ ಮಾತ್ರ. ಮಾಮೂಲಿ ಗ್ರೀಸ್‌ಗೆ ಪಿನ್ನಿನ ರಬ್ಬರ್ ಬೂಟ್ (ಹೊದಿಕೆ) ಊದಿ ಪಿನ್ನೇ ಹಿಡಿದುಕೊಳ್ಳುತ್ತೆ.