ಯಕ್ಷಗಾನ ಭಾಗವತರ ಡ್ರಾಫ್ಟ್ ಇಂಗ್ಲಿಷ್ ವಿಕಿಪೀಡಿಯದಲ್ಲಿ ಮತ್ತೆ ಡಿಕ್ಲೈನ್: ರೆಫರೆನ್ಸ್ 19 ಇದ್ದರೂ ಸಾಲದೆ?

ತಿಟ್ಟು_ಪ್ರಿಯ (ಪ್ರಶ್ನೆ)

ನಮಸ್ಕಾರ. ಯಕ್ಷಗಾನದ ತೆಂಕುತಿಟ್ಟು ಶೈಲಿಯ ಹಿರಿಯ ಭಾಗವತರೊಬ್ಬರ (ಹಾಡುಗಾರರು, ಈಗಿಲ್ಲ) ಬಗ್ಗೆ ಇಂಗ್ಲಿಷ್ ವಿಕಿಪೀಡಿಯಕ್ಕೆ ಡ್ರಾಫ್ಟ್ (ಲೇಖನದ ಕರಡು) ಸಲ್ಲಿಸಿದ್ದೆ. ಮೊದಲ ಸಲ ನಂಬಲರ್ಹ ಆಧಾರ ಸಾಲದು ಎಂದು ಡಿಕ್ಲೈನ್ ಆಯಿತು (ಪರಿಶೀಲಕರು ಒಪ್ಪದೆ ಹಿಂದಿರುಗಿಸಿದರು). ಇಂಗ್ಲಿಷ್ ತಿದ್ದಿ, ರೆಫರೆನ್ಸ್‌ಗಳನ್ನು 6ರಿಂದ 19ಕ್ಕೆ ಏರಿಸಿ ಮತ್ತೆ ಸಲ್ಲಿಸಿದೆ. ಈ ಸಲ ವ್ಯಕ್ತಿಯ ನೋಟಬಿಲಿಟಿ (ಪ್ರತ್ಯೇಕ ಲೇಖನಕ್ಕೆ ಬೇಕಾದ ಅರ್ಹತೆ) ಕಾಣುತ್ತಿಲ್ಲ ಎಂಬ ಕಾರಣ.

ಕೊಟ್ಟಿರುವ ಆಧಾರಗಳು: ಸನ್ಮಾನದ ಆಮಂತ್ರಣ ಪತ್ರಿಕೆಗಳು, ಯೂಟ್ಯೂಬ್‌ನ 5 ವಿಡಿಯೊ, ಒಂದು ಫೇಸ್‌ಬುಕ್ ಪುಟ, ಮೇಳದ ಕರಪತ್ರ, ಒಂದು ಸಂದರ್ಶನ, ಕಾರ್ಯಕ್ರಮದ ಸುದ್ದಿಗಳು, ಅಭಿನಂದನ ಗ್ರಂಥ, ತೀರಿಕೊಂಡಾಗ ಪ್ರಜಾವಾಣಿ ಮತ್ತು ಉದಯವಾಣಿಯಲ್ಲಿ ಬಂದದ್ದು. ಕನ್ನಡ ವಿಕಿಪೀಡಿಯದಲ್ಲಿ ಇವರ ಲೇಖನ ಈಗಾಗಲೇ ಇದೆ, ಅದನ್ನೂ ಕೊಟ್ಟಿದ್ದೇನೆ. ಪರಿಶೀಲಿಸಿದವರಿಗೆ ಕನ್ನಡ ಬಾರದ್ದೇ ಸಮಸ್ಯೆಯೆ?

ಅಡಿಟಿಪ್ಪಣಿ

ಕನ್ನಡ ಆಧಾರ ಎಂಬುದು ಸಮಸ್ಯೆಯಲ್ಲ. ಆಧಾರ ಯಾವ ಭಾಷೆಯದ್ದಾದರೂ ಆಗಬಹುದು ಎಂದು ಅಲ್ಲಿನ ನಿಯಮದಲ್ಲೇ ಇದೆ. ಸಮಸ್ಯೆ ಇರುವುದು 19 ಎಂಬ ಸಂಖ್ಯೆಯಲ್ಲಿ. ಪರಿಶೀಲಕರು ರೆಫರೆನ್ಸ್ ಎಣಿಸುವುದಿಲ್ಲ. ಮೊದಲ ನಾಲ್ಕೈದು ಲಿಂಕ್ ತೆರೆದಾಗ ಆಮಂತ್ರಣ, ಯೂಟ್ಯೂಬ್, ಫೇಸ್‌ಬುಕ್ ಕಂಡರೆ ಉಳಿದವನ್ನೂ ಅದೇ ಕಣ್ಣಿನಿಂದ ನೋಡುತ್ತಾರೆ. ನಿಮ್ಮ ಒಳ್ಳೆಯ ಆಧಾರಗಳು ಕೆಟ್ಟವುಗಳ ಅಡಿಯಲ್ಲಿ ಹೂತುಹೋಗಿವೆ.

ನೋಟಬಿಲಿಟಿಗೆ ಲೆಕ್ಕಕ್ಕೆ ಬರುವ ಆಧಾರ ಒಂದೇ ಹೊತ್ತಿಗೆ ಮೂರು ಪರೀಕ್ಷೆ ದಾಟಬೇಕು. ಬರೆದವರಿಗೂ ಪ್ರಕಟಿಸಿದವರಿಗೂ ಭಾಗವತರ ಜೊತೆ ಸಂಬಂಧ ಇರಬಾರದು. ಸಂಪಾದಕರ ಕೈ ದಾಟಿ ಬಂದ ಪ್ರಕಟಣೆಯಾಗಿರಬೇಕು. ಇವರ ಬಗ್ಗೆ ವಿವರವಾಗಿ ಬರೆದಿರಬೇಕು, ಹೆಸರು ಬಂದುಹೋದರೆ ಸಾಲದು. ಎರಡು ದಾಟಿ ಮೂರನೆಯದರಲ್ಲಿ ಬಿದ್ದರೂ ಅದು ಮಾಹಿತಿಗಷ್ಟೇ, ನೋಟಬಿಲಿಟಿಗಲ್ಲ. ನಿಮ್ಮ ಪಟ್ಟಿಯನ್ನು ಇದರಲ್ಲಿ ಸೋಸಿದರೆ:

ಆಮಂತ್ರಣ, ಕರಪತ್ರ, ಫೇಸ್‌ಬುಕ್ ಪೂರ್ತಿ ತೆಗೆಯಿರಿ. ಯೂಟ್ಯೂಬ್ ಕೂಡ. ಹಾಡಿದ್ದು ಕೇಳಿಸುತ್ತದೆ ಎಂಬುದು ಹಾಡಿಕೆಗೆ ಸಾಕ್ಷಿಯೇ ಹೊರತು, ಆ ಹಾಡಿಕೆಯ ಬಗ್ಗೆ ಬೇರೆಯವರು ಬರೆದಿದ್ದಾರೆ ಎಂಬುದಕ್ಕೆ ಅಲ್ಲ. ಬೇಕಿದ್ದರೆ ಒಂದು ವಿಡಿಯೊ ಕೊನೆಯ ಹೊರಕೊಂಡಿಗಳಲ್ಲಿ ಇರಲಿ.

ಕಾರ್ಯಕ್ರಮದ ಸುದ್ದಿಗಳು: “ಹಿಮ್ಮೇಳದಲ್ಲಿ ಇಂಥವರು ಸಹಕರಿಸಿದರು” ಎಂಬ ಸಾಲು ಹತ್ತು ಪತ್ರಿಕೆಯಲ್ಲಿ ಬಂದರೂ ಬರಿಯ ಹೆಸರೇ. ಅದರಲ್ಲೂ ಸಂಘಟಕರು ಕಳಿಸಿದ ಒಂದೇ ವರದಿ ಮೂರು ಪತ್ರಿಕೆಯಲ್ಲಿ ಅಕ್ಷರಶಃ ಬಂದಿದ್ದರೆ ಮೂರೂ ಸೇರಿ ಒಂದು.

ಸಂದರ್ಶನ: ಅವರೇ ಹೇಳಿದ್ದು ಸ್ವತಂತ್ರವಲ್ಲ. ಹುಟ್ಟಿದ ಊರು, ಗುರುಗಳ ಹೆಸರಿಗೆ ಬಳಸಿ. ಪ್ರಶ್ನೋತ್ತರಕ್ಕೆ ಮೊದಲು ಪತ್ರಕರ್ತರೇ ಎರಡು ಮೂರು ಪ್ಯಾರಾ ಪರಿಚಯ, ವಿಮರ್ಶೆ ಬರೆದಿದ್ದರೆ ಅಷ್ಟು ಭಾಗ ಲೆಕ್ಕಕ್ಕೆ ಬರುತ್ತದೆ.

ಕನ್ನಡ ವಿಕಿಪೀಡಿಯ ಲೇಖನ ಆಧಾರವೇ ಅಲ್ಲ, ತಕ್ಷಣ ತೆಗೆಯಿರಿ. ವಿಕಿಪೀಡಿಯಕ್ಕೆ ವಿಕಿಪೀಡಿಯವೇ ಸಾಕ್ಷಿ ಹೇಳುವಂತಿಲ್ಲ. ಒಂದು ಭಾಷೆಯಲ್ಲಿ ಲೇಖನ ಇದೆ ಎಂದು ಇನ್ನೊಂದರಲ್ಲಿ ಒಪ್ಪುವ ನಿಯಮವೂ ಇಲ್ಲ.

ಪತ್ರಿಕೆಗಳು ನಿಧನದ ಹೊತ್ತಿಗೆ ಬರೆದದ್ದು ನಿಮ್ಮ ಬಂಡವಾಳ. ವರದಿಗಾರರು ಬರೆದ ಲೇಖನವೋ, ಮನೆಯವರು ಕೊಟ್ಟ ಶ್ರದ್ಧಾಂಜಲಿ ಜಾಹೀರಾತೋ? ಮೊದಲನೆಯದಾದರೆ ಚಿನ್ನ, ಎರಡನೆಯದು ಸೊನ್ನೆ.

ತಿಟ್ಟು_ಪ್ರಿಯ

ಪ್ರಜಾವಾಣಿಯದ್ದು ಅರ್ಧ ಪುಟದ ಲೇಖನ, ಬರೆದವರ ಹೆಸರಿದೆ. ಉದಯವಾಣಿಯದ್ದು ಸುಮಾರು 8 ಸಾಲಿನ ಸುದ್ದಿ. ಎರಡೂ ಅಂತರ್ಜಾಲದಲ್ಲಿ ಇಲ್ಲ, ಕತ್ತರಿಸಿಟ್ಟ ಹಾಳೆ ಮಾತ್ರ. ಸ್ಕ್ಯಾನ್ ಮಾಡಿ ಕಾಮನ್ಸ್‌ಗೆ (ವಿಕಿಪೀಡಿಯದ ಚಿತ್ರಗಳ ಮುಕ್ತ ಭಂಡಾರ) ಹಾಕಿ ಲಿಂಕ್ ಕೊಡಲೆ? ಅಭಿನಂದನ ಗ್ರಂಥದ ಬಗ್ಗೆ ನೀವು ಏನೂ ಹೇಳಲಿಲ್ಲ. ಅದು 300 ಪುಟದ ಪುಸ್ತಕ!

ಪುಟಸಂಖ್ಯೆ

ಸ್ಕ್ಯಾನ್ ಹಾಕಬೇಡಿ. ಪತ್ರಿಕೆಯ ಪುಟದ ಹಕ್ಕು ಪತ್ರಿಕೆಯದು, ಕಾಮನ್ಸ್‌ನಲ್ಲಿ ಅಳಿಸುತ್ತಾರೆ. ಲಿಂಕ್ ಇಲ್ಲದ ಆಧಾರವೂ ಆಧಾರವೇ, ಆದರೆ ಇನ್ನೊಬ್ಬರು ಗ್ರಂಥಾಲಯಕ್ಕೆ ಹೋಗಿ ಹುಡುಕಲು ಬೇಕಾದ ವಿವರ ಪೂರ್ತಿ ಇರಬೇಕು. ವಿಷುಯಲ್ ಎಡಿಟರ್‌ನಲ್ಲಿ ಸೈಟ್ (Cite, ಉಲ್ಲೇಖ) ಒತ್ತಿ, ಮ್ಯಾನ್ಯುಯಲ್‌ಗೆ ಹೋಗಿ ನ್ಯೂಸ್ ಆರಿಸಿ. ಪತ್ರಿಕೆಯ ಹೆಸರು, ದಿನಾಂಕ, ಬರೆದವರು, ಪುಟಸಂಖ್ಯೆ ತುಂಬಿ. ಆವೃತ್ತಿಯನ್ನೂ ಬರೆಯಿರಿ: ಮಂಗಳೂರು ಆವೃತ್ತಿಯಲ್ಲಿ ಬಂದ ಲೇಖನ ಬೆಂಗಳೂರು ಆವೃತ್ತಿಯಲ್ಲಿ ಸಿಗದೇ ಇರಬಹುದು. ಕನ್ನಡ ತಲೆಬರಹವನ್ನು ಟೈಟಲ್ ಜಾಗದಲ್ಲಿ ಹಾಕಬೇಡಿ, ಸ್ಕ್ರಿಪ್ಟ್-ಟೈಟಲ್ ಎಂಬ ಜಾಗವಿದೆ. ಅಲ್ಲಿ ಮೊದಲು ಕನ್ನಡದ ಎರಡಕ್ಷರದ ಭಾಷಾಸಂಕೇತ, ಒಂದು ಕೋಲನ್, ಆಮೇಲೆ ಕನ್ನಡ ಲಿಪಿಯ ತಲೆಬರಹ. ಅದರ ಇಂಗ್ಲಿಷ್ ಅರ್ಥ ಟ್ರಾನ್ಸ್-ಟೈಟಲ್‌ನಲ್ಲಿ. ಕೋಟ್ ಎಂಬ ಜಾಗದಲ್ಲಿ ಮುಖ್ಯವಾದ ಒಂದೆರಡು ವಾಕ್ಯ ಮೂಲ ಕನ್ನಡದಲ್ಲಿ, ಟ್ರಾನ್ಸ್-ಕೋಟ್‌ನಲ್ಲಿ ಅದರ ಅನುವಾದ. ಕನ್ನಡ ಬಾರದ ಪರಿಶೀಲಕರಿಗೆ ಲೇಖನದ ಆಳ ಗೊತ್ತಾಗುವ ದಾರಿ ಇದೊಂದೇ. ಪ್ಯಾರಾಗಟ್ಟಲೆ ಹಾಕಿದರೆ ಹಕ್ಕುಸ್ವಾಮ್ಯದ ತಕರಾರು ಬರುತ್ತದೆ.

ಉದಯವಾಣಿಯ 8 ಸಾಲು ನಿಧನದ ದಿನಾಂಕಕ್ಕೆ ಸಾಕು, ಅದಕ್ಕಿಂತ ಹೆಚ್ಚಿಗೆ ಅಲ್ಲ.

ಅಭಿನಂದನ ಗ್ರಂಥ: ಇದರಲ್ಲೇ ಹೆಚ್ಚಿನವರು ಎಡವುವುದು. ಅಭಿನಂದನ ಸಮಿತಿ ಎಂದರೆ ಶಿಷ್ಯರು, ಅಭಿಮಾನಿಗಳು, ಬಂಧುಗಳು. ಹೊಗಳಲೆಂದೇ ತಂದ ಪುಸ್ತಕ 300 ಪುಟವಿದ್ದರೂ ಸ್ವತಂತ್ರವಲ್ಲ.

ಅಡಿಟಿಪ್ಪಣಿ

ಇಲ್ಲಿ ನನ್ನದು ಸ್ವಲ್ಪ ಬೇರೆ ಅಭಿಪ್ರಾಯ. ಇಂಥ ಗ್ರಂಥಗಳಲ್ಲಿ ಮುಕ್ಕಾಲು ಪಾಲು “ನಾನು ಕಂಡಂತೆ” ಲೇಖನಗಳೇ, ಒಪ್ಪಿದೆ. ಆದರೆ ಒಂದೆರಡು ಲೇಖನ ಯಕ್ಷಗಾನ ವಿದ್ವಾಂಸರು ಬರೆದ ನಿಜವಾದ ವಿಶ್ಲೇಷಣೆ ಆಗಿರುತ್ತದೆ. ಹಾಡಿಕೆಯ ಮಟ್ಟು, ರಾಗಗಳ ಆಯ್ಕೆ, ಪ್ರಸಂಗ ನಡೆಸುವ ಕ್ರಮ ಇವೆಲ್ಲ ಬೇರೆಲ್ಲೂ ದಾಖಲಾಗಿರುವುದಿಲ್ಲ. ಇಡೀ ಪುಸ್ತಕವನ್ನು ಉಲ್ಲೇಖಿಸುವ ಬದಲು ಆ ಲೇಖನವನ್ನು ಪುಸ್ತಕದ ಅಧ್ಯಾಯವಾಗಿ, ಲೇಖಕರ ಹೆಸರು, ಪುಟಸಂಖ್ಯೆ ಸಹಿತ ಕೊಟ್ಟು, “ಇಂಥವರ ಪ್ರಕಾರ” ಎಂದು ಬರೆಯಬಹುದು.

ಪುಟಸಂಖ್ಯೆ

ಶೈಲಿಯ ಭಾಗಕ್ಕೆ ಸರಿ. ನೋಟಬಿಲಿಟಿಗೆ ಅದನ್ನೇ ಮುಂದಿಟ್ಟರೆ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಅಡಿಟಿಪ್ಪಣಿ

ಅದಕ್ಕೇ ಬೇರೆ ಕಡೆ ಹುಡುಕಬೇಕು. ಈಗ ಕೈಯಲ್ಲಿ ಗಟ್ಟಿಯಾದದ್ದು ಒಂದು, ಇನ್ನೆರಡು ಬೇಕು. ಸಿಗುವ ಸಾಧ್ಯತೆ ಇರುವ ಜಾಗಗಳು:

ಶೋಧಗಂಗಾ (ಭಾರತದ ಪಿಎಚ್‌ಡಿ ಪ್ರಬಂಧಗಳ ಜಾಲತಾಣ). ಯಕ್ಷಗಾನದ ಪಿಎಚ್‌ಡಿ ಪ್ರಬಂಧಗಳಲ್ಲಿ ಭಾಗವತರ ಬಗ್ಗೆ ವಿವರವಾದ ಭಾಗ ಸಿಗುವುದುಂಟು. ಕನ್ನಡ ಪ್ರಬಂಧಗಳ ಪಿಡಿಎಫ್ ಹಳೆಯ ಫಾಂಟ್‌ಗಳಲ್ಲಿದ್ದರೆ ಯೂನಿಕೋಡ್‌ನಲ್ಲಿ ಹೆಸರು ಟೈಪ್ ಮಾಡಿ ಹುಡುಕಿದರೆ ಏನೂ ಬರದು. ಪರಿವಿಡಿ ನೋಡಿ, ಪುಟ ತಿರುಗಿಸಿಯೇ ಹುಡುಕಬೇಕು. ಪದವಿ ಸಿಕ್ಕ ಪಿಎಚ್‌ಡಿ ಪ್ರಬಂಧ ನಡೆಯುತ್ತದೆ. ಎಂಎ ಮಟ್ಟದ್ದು ಸಾಮಾನ್ಯವಾಗಿ ನಡೆಯುವುದಿಲ್ಲ.

ಪತ್ರಿಕೆಗಳ ಹಳೆ ಕಟ್ಟು. ದಿನಾಂಕ ಗೊತ್ತಿಲ್ಲದೆ ಹುಡುಕುವುದು ವ್ಯರ್ಥ. ಪ್ರಶಸ್ತಿ ಬಂದ ದಿನ ಮತ್ತು ನಿಧನದ ದಿನ ಎರಡು ಗುರುತು ಇಟ್ಟುಕೊಂಡು ಆಮೇಲಿನ ಎರಡು ವಾರದ ಸಂಚಿಕೆ ನೋಡಿ, ಭಾನುವಾರದ ಪುರವಣಿ ಮುಖ್ಯವಾಗಿ. ಸುಧಾ, ತರಂಗದಂಥ ವಾರಪತ್ರಿಕೆ, ದಿ ಹಿಂದೂವಿನ ಶುಕ್ರವಾರದ ಪುರವಣಿ ಬಿಡಬೇಡಿ. ಇಂಗ್ಲಿಷಿನಲ್ಲಿ ಹುಡುಕುವಾಗ ಹೆಸರಿನ ಎಲ್ಲ ಕಾಗುಣಿತ ಹಾಕಿ ನೋಡಿ, ‘ಭಟ್’ಗೇ ಎರಡು ಮೂರು ರೂಪ ಇರುತ್ತವೆ.

ವಿಶ್ವವಿದ್ಯಾಲಯದ ಪ್ರಸಾರಾಂಗ, ಅಕಾಡೆಮಿಗಳ ಪ್ರಕಟಣೆಗಳು. ಹಳೆಯ ಕನ್ನಡ ಪುಸ್ತಕಕ್ಕೆ ಐಎಸ್‌ಬಿಎನ್ ಇರುವುದಿಲ್ಲ, ಚಿಂತೆಯಿಲ್ಲ. ಪ್ರಕಾಶಕರು, ಊರು, ವರ್ಷ, ಪುಟ ಸಾಕು. ಇಲ್ಲದ ಐಎಸ್‌ಬಿಎನ್ ಎಲ್ಲಿಂದಲೋ ತಂದು ತುಂಬಬೇಡಿ. ಕೊನೆಯ ಅಂಕೆ ಲೆಕ್ಕಕ್ಕೆ ಹೊಂದದಿದ್ದರೆ ರೆಫರೆನ್ಸ್‌ನಲ್ಲೇ ಕೆಂಪು ದೋಷಸೂಚನೆ ಬರುತ್ತದೆ. ಚಾಟ್‌ಬಾಟ್ ಕೈಯಲ್ಲಿ ಬರೆಸಿದ ಡ್ರಾಫ್ಟ್‌ಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ: ಇಲ್ಲದ ಪುಸ್ತಕ, ತೆರೆಯದ ಲಿಂಕ್. ಬರೆದವರು ಪರಿಶೀಲಿಸದ ಅಂಥ ಪುಟಗಳನ್ನು ಚರ್ಚೆಯಿಲ್ಲದೆ ಅಳಿಸುವ ನಿಯಮ 2025ರಲ್ಲಿ ಬಂದಿದೆ.

ಇಷ್ಟು ಹುಡುಕಿದರೂ ಒಂದರ ಮೇಲೆ ಇನ್ನೊಂದು ಸಿಗದಿದ್ದರೆ ಸದ್ಯಕ್ಕೆ ಸಲ್ಲಿಸಬೇಡಿ. ಅವರ ಕಲೆ ದೊಡ್ಡದೇ ಇರಬಹುದು. ಅದನ್ನು ಯಾರೂ ಬರೆದಿಡದಿದ್ದರೆ ವಿಕಿಪೀಡಿಯ ಏನೂ ಮಾಡಲಾಗದು.

ತಿಟ್ಟು_ಪ್ರಿಯ

ಶೋಧಗಂಗಾದಲ್ಲಿ ಒಂದು ಸಿಕ್ಕಿತು, ಇವರ ಬಗ್ಗೆ 4 ಪುಟ ಇದೆ. ಶುಕ್ರವಾರದ ಪುರವಣಿಯ ಒಂದು ಇಂಗ್ಲಿಷ್ ಲೇಖನವೂ ಇದೆ. ಈಗಿರುವ ಡ್ರಾಫ್ಟ್‌ಗೆ ಇವನ್ನು ಸೇರಿಸಿ ರಿಸಬ್ಮಿಟ್ ಒತ್ತಿದರೆ ಆಯಿತೆ? ಡ್ರಾಫ್ಟ್ ಶುರುವಾಗುವುದು ಹೀಗೆ (ಕನ್ನಡದಲ್ಲಿ ಹೇಳುವುದಾದರೆ): “ಗಾನಗಂಧರ್ವರೆಂದೇ ನಾಡಿನಾದ್ಯಂತ ಮನೆಮಾತಾದ ದಿವಂಗತ ಶ್ರೀ… ಯವರು ತಮ್ಮ ಕಂಚಿನ ಕಂಠದಿಂದ ಲಕ್ಷಾಂತರ ಅಭಿಮಾನಿಗಳ ಮನಸೂರೆಗೊಂಡವರು.”

ಪುಟಸಂಖ್ಯೆ

ಆಗಲಿಲ್ಲ. ಈ ಸಾಲು ಇದ್ದರೆ ಮೂರು ಒಳ್ಳೆಯ ಆಧಾರವಿದ್ದೂ ಜಾಹೀರಾತಿನಂತಿದೆ ಎಂಬ ಕಾರಣಕ್ಕೆ ಡಿಕ್ಲೈನ್ ಆಗುತ್ತದೆ. ಇದು ಸನ್ಮಾನಪತ್ರದ ಭಾಷೆ. ಹಳೆಯದಕ್ಕೆ ತೇಪೆ ಹಚ್ಚುವುದು ಬಿಟ್ಟು, ಆ ಮೂರು ಆಧಾರ ಮಾತ್ರ ಎದುರಿಗಿಟ್ಟುಕೊಂಡು ಹೊಸದಾಗಿ ಬರೆಯಿರಿ. ಆದರೆ ಹೊಸ ಪುಟ ತೆರೆಯಬೇಡಿ, ಅದೇ ಡ್ರಾಫ್ಟ್ ಒಳಗೆ.

ಮೊದಲ ವಾಕ್ಯ: ಹೆಸರು, ಆವರಣದಲ್ಲಿ ಹುಟ್ಟಿದ ಮತ್ತು ತೀರಿಕೊಂಡ ವರ್ಷ, ತೆಂಕುತಿಟ್ಟು ಯಕ್ಷಗಾನದ ಭಾಗವತ. ಅಷ್ಟೇ. ಎರಡನೆಯದು: ಯಾವ ಮೇಳಗಳಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ತಿರುಗಾಟ. ಶ್ರೀ, ದಿವಂಗತ, ವಿದ್ವಾನ್ ಯಾವುದೂ ಬೇಡ. ಭಾಗವತ, ಹಿಮ್ಮೇಳ, ಪ್ರಸಂಗ, ತಾಳಮದ್ದಳೆ ಎಂಬ ಮಾತುಗಳನ್ನು ಹಾಗೇ ಇಟ್ಟು, ಮೊದಲ ಸಲ ಬಂದಲ್ಲಿ ಅರ್ಧ ವಾಕ್ಯದ ವಿವರಣೆ ಕೊಡಿ. ಹಾಡಿಕೆ ಚೆನ್ನಾಗಿತ್ತು ಎಂಬ ಮಾತು ನಿಮ್ಮ ಬಾಯಿಂದ ಬರಬಾರದು. ವಿಮರ್ಶಕರು ಹೇಳಿದ್ದರೆ ಅವರ ಹೆಸರಿನಲ್ಲಿ ಬರಲಿ.

ಪ್ರಶಸ್ತಿಯ ಭಾಗದಲ್ಲಿ ಅಕಾಡೆಮಿ ಪ್ರಶಸ್ತಿ, ರಾಜ್ಯೋತ್ಸವ ಪ್ರಶಸ್ತಿಯಂಥವು ಸ್ವತಂತ್ರ ಆಧಾರವಿದ್ದರೆ ಮಾತ್ರ ಇರಲಿ. ಊರೂರ ಯುವಕ ಮಂಡಲದ ಶಾಲು-ಹಾರ ಪಟ್ಟಿ ಪೂರ್ತಿ ಹೋಗಲಿ. ಹಾಡಿದ ಪ್ರಸಂಗಗಳ ಉದ್ದ ಪಟ್ಟಿಯೂ ಬೇಡ. ಆಧಾರದಲ್ಲಿ ವಿಶೇಷವಾಗಿ ಹೇಳಿದ ಐದಾರು ಸಾಕು. ಲೇಖನ 250 ಪದಕ್ಕೆ ಇಳಿದರೂ ನಷ್ಟವಿಲ್ಲ, ಚಿಕ್ಕದು ಎಂಬ ಕಾರಣಕ್ಕೆ ಡಿಕ್ಲೈನ್ ಮಾಡುವ ನಿಯಮವಿಲ್ಲ.

ಕನ್ನಡ ಲೇಖನದಿಂದ ವಾಕ್ಯಗಳನ್ನು ಹಾಗೇ ಅನುವಾದಿಸುವಾಗ ಜೋಪಾನ. ಪತ್ರಿಕೆಯ ಲೇಖನದ ಸಾಲುಸಾಲು ಅನುವಾದವೂ ಹಕ್ಕು ಉಲ್ಲಂಘನೆಯೇ. ಕನ್ನಡ ವಿಕಿಪೀಡಿಯದಿಂದ ಅನುವಾದಿಸಬಹುದು, ಆದರೆ ಎಡಿಟ್ ಸಾರಾಂಶದಲ್ಲಿ ಮೂಲ ಪುಟದ ಕೊಂಡಿ ಕೊಡಲೇಬೇಕು.

ಅಡಿಟಿಪ್ಪಣಿ

ಇನ್ನೊಂದು ಪ್ರಶ್ನೆ ಮೊದಲೇ ಕೇಳಬೇಕಿತ್ತು. ನೀವು ಅವರ ಸಂಬಂಧಿಕರೆ, ಶಿಷ್ಯರೆ? ಹೌದಾದರೆ ನಿಮ್ಮ ಸದಸ್ಯ ಪುಟದಲ್ಲಿ ಒಂದು ಸಾಲು, ಡ್ರಾಫ್ಟ್‌ನ ಚರ್ಚೆ ಪುಟದಲ್ಲಿ ಒಂದು ಸಾಲು ಬರೆದು ತಿಳಿಸಿ. ಹೇಳಿದ್ದಕ್ಕೆ ಡಿಕ್ಲೈನ್ ಮಾಡುವುದಿಲ್ಲ, ಮುಚ್ಚಿಟ್ಟದ್ದು ಗೊತ್ತಾದರೆ ಅನುಮಾನ ಶುರು. ಯಾರಾದರೂ ಇದಕ್ಕೆ ದುಡ್ಡು ಕೊಟ್ಟಿದ್ದರೆ ಅದನ್ನು ತಿಳಿಸುವುದು ಬಳಕೆಯ ಷರತ್ತಿನ ಪ್ರಕಾರ ಕಡ್ಡಾಯ.

ಹೊಸಬ_ಬೆಂಗಳೂರು

ನಡುವೆ ಬಂದದ್ದಕ್ಕೆ ಕ್ಷಮೆ ಇರಲಿ. ನಮ್ಮ ಸ್ಟಾರ್ಟಪ್ ಡ್ರಾಫ್ಟ್ ಡಿಕ್ಲೈನ್ ಆದ ಮರುದಿನವೇ “ನಾವು ವಿಕಿಪೀಡಿಯ ಪರಿಶೀಲಕರು, ಶುಲ್ಕ ಕಟ್ಟಿದರೆ ಒಪ್ಪಿಗೆ ಕೊಡಿಸುತ್ತೇವೆ” ಎಂದು ಇಮೇಲ್ ಬಂತು. ಕಟ್ಟಬಹುದೆ?

ಪುಟಸಂಖ್ಯೆ

ಬೇಡವೇ ಬೇಡ, ವಂಚನೆ. ಡಿಕ್ಲೈನ್ ಆದ ಡ್ರಾಫ್ಟ್‌ಗಳು ಎಲ್ಲರಿಗೂ ಕಾಣುತ್ತವೆ, ಅದನ್ನು ನೋಡಿಯೇ ಬಲೆ ಬೀಸುತ್ತಾರೆ. ನಿಜವಾದ ಪರಿಶೀಲಕರು ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಕಂಪನಿಗಳಿಗೆ ಆಧಾರದ ಅಳತೆ ಇನ್ನೂ ಬಿಗಿ: ಹೂಡಿಕೆ ಬಂದ ಸುದ್ದಿ, ಹೊಸ ಶಾಖೆಯ ಸುದ್ದಿ, ಸ್ಥಾಪಕರ ಸಂದರ್ಶನ ಯಾವುದೂ ನಡೆಯದು. ಭಾರತೀಯ ಮಾಧ್ಯಮಗಳ ಕಾಸಿನ ಸುದ್ದಿಯ ಬಗ್ಗೆ ಅಲ್ಲಿನ ಮಾರ್ಗಸೂಚಿಯಲ್ಲಿ ಪ್ರತ್ಯೇಕ ಭಾಗವೇ ಇದೆ. ವಿವರಕ್ಕೆ ಬೇರೆ ಪ್ರಶ್ನೆ ತೆರೆಯಿರಿ.

ತಿಟ್ಟು_ಪ್ರಿಯ

ನಾನು ಸಂಬಂಧಿಕನಲ್ಲ, ಬರೀ ಅಭಿಮಾನಿ. ಪೂರ್ತಿ ಹೊಸದಾಗಿ ಬರೆದೆ, 310 ಪದ, 7 ರೆಫರೆನ್ಸ್. ಮೇಲಿನ ಹಳೆಯ ಡಿಕ್ಲೈನ್ ಪೆಟ್ಟಿಗೆಗಳನ್ನು ತೆಗೆದುಬಿಡಲೆ? ಫೇಸ್‌ಬುಕ್‌ನ ಒಂದು ಫೋಟೊ ಕೂಡ ಹಾಕಿದ್ದೇನೆ.

ಅಡಿಟಿಪ್ಪಣಿ

ಪೆಟ್ಟಿಗೆ ಮುಟ್ಟಬೇಡಿ. ಲೇಖನ ಒಪ್ಪಿಗೆಯಾದಾಗ ತಾವಾಗಿ ಹೋಗುತ್ತವೆ. ನೀವು ತೆಗೆದರೆ ಇತಿಹಾಸ ಮುಚ್ಚಿಡುತ್ತಿದ್ದೀರಿ ಎಂದು ಕಾಣುತ್ತದೆ.

ಫೋಟೊ ತೆಗೆಯಿರಿ. ಅದರ ಹಕ್ಕು ತೆಗೆದವರದು, ಹಂಚಿದವರದಲ್ಲ. ತೀರಿಕೊಂಡವರ ಹಕ್ಕಿರುವ ಫೋಟೊ ಒಂದನ್ನು ಸಣ್ಣ ಗಾತ್ರದಲ್ಲಿ ನ್ಯಾಯೋಚಿತ ಬಳಕೆಯ ಅಡಿ ಹಾಕಲು ಅವಕಾಶ ಉಂಟು, ಆದರೆ ಡ್ರಾಫ್ಟ್‌ನಲ್ಲಿ ಅಲ್ಲ, ಒಪ್ಪಿಗೆಯಾದ ಲೇಖನದಲ್ಲಿ ಮಾತ್ರ. ಒಪ್ಪಿಗೆಗೂ ಫೋಟೊಗೂ ಸಂಬಂಧವೇ ಇಲ್ಲ.

ರಿಸಬ್ಮಿಟ್ ಮಾಡುವ ಮೊದಲು ಡ್ರಾಫ್ಟ್‌ನ ಚರ್ಚೆ ಪುಟದಲ್ಲಿ ಚಿಕ್ಕ ಟಿಪ್ಪಣಿ ಹಾಕಿ: ಮುಖ್ಯ ಮೂರು ಆಧಾರ ಇವು, ಪ್ರತಿಯೊಂದೂ ಇಷ್ಟು ಉದ್ದ, ಇಂಥವರು ಬರೆದದ್ದು. ವಾದ ಬೇಡ. ಅಂತರ್ಜಾಲದ ಲಿಂಕ್‌ಗಳನ್ನು ವೇಬ್ಯಾಕ್ ಮಷಿನ್‌ನಲ್ಲಿ (ಪುಟಗಳ ಪ್ರತಿ ಕಾದಿಡುವ ತಾಣ) ಉಳಿಸಿ, ಆ ವಿಳಾಸವನ್ನೂ ರೆಫರೆನ್ಸ್‌ಗೆ ಸೇರಿಸಿ. ಪತ್ರಿಕೆಗಳ ಲಿಂಕ್ ಯಾವಾಗ ಸಾಯುತ್ತದೋ ಹೇಳಲಾಗದು.

ತಿಟ್ಟು_ಪ್ರಿಯ

ಸಲ್ಲಿಸಿದೆ. ಎಷ್ಟು ದಿನ ಕಾಯಬೇಕು? ನಡುವೆ ತಿದ್ದಬಹುದೆ?

ಪುಟಸಂಖ್ಯೆ

ಒಂದು ದಿನವೂ ಆಗಬಹುದು, ತಿಂಗಳುಗಳೂ ಹಿಡಿಯಬಹುದು. ಬಂದ ಕ್ರಮದಲ್ಲಿ ನೋಡುವ ಪದ್ಧತಿ ಅಲ್ಲಿಲ್ಲ, ಪರಿಶೀಲಕರು ತಮಗೆ ಬೇಕಾದದ್ದನ್ನು ಎತ್ತಿಕೊಳ್ಳುತ್ತಾರೆ. ಚರ್ಚೆ ಪುಟದಲ್ಲಿ ಭಾರತ ಮತ್ತು ಕರ್ನಾಟಕ ವಿಕಿಯೋಜನೆಯ (ಒಂದು ವಿಷಯದ ಲೇಖನಗಳನ್ನು ನೋಡಿಕೊಳ್ಳುವ ಸಂಪಾದಕರ ಗುಂಪು) ಟ್ಯಾಗ್ ಇದ್ದರೆ ಕನ್ನಡ ಬಲ್ಲವರ ಕಣ್ಣಿಗೆ ಬೀಳುವ ಸಾಧ್ಯತೆ ಹೆಚ್ಚು. ತಿದ್ದುವುದಕ್ಕೆ ಅಡ್ಡಿಯಿಲ್ಲ.

ಈ ಸಲವೂ ಡಿಕ್ಲೈನ್ ಆದರೆ ಕಾರಣ ಓದಿ, ಅರ್ಥವಾಗದಿದ್ದರೆ ಆ ಪರಿಶೀಲಕರ ಚರ್ಚೆ ಪುಟದಲ್ಲೋ, ಡ್ರಾಫ್ಟ್ ಸಹಾಯ ಕಟ್ಟೆಯಲ್ಲೋ, ಹೊಸಬರ ಪ್ರಶ್ನೆಗಳಿಗೆಂದೇ ಇರುವ ಟೀಹೌಸ್ ಪುಟದಲ್ಲೋ ಯಾವುದಾದರೂ ಒಂದೇ ಕಡೆ ಕೇಳಿ. ಏನೂ ಬದಲಿಸದೆ ಮತ್ತೆ ಮತ್ತೆ ಸಲ್ಲಿಸಿದರೆ ಡಿಕ್ಲೈನ್ ಹೋಗಿ ರಿಜೆಕ್ಟ್ ಆಗಬಹುದು, ಆಗ ರಿಸಬ್ಮಿಟ್ ಬಟನ್ನೇ ಇರುವುದಿಲ್ಲ. ನಾಲ್ಕು ದಿನ, ಹತ್ತು ಎಡಿಟ್ ದಾಟಿದ ಖಾತೆಗೆ ಡ್ರಾಫ್ಟನ್ನು ತಾನೇ ಮುಖ್ಯ ಲೇಖನವಾಗಿ ಸರಿಸುವ ಸೌಲಭ್ಯ ಇರುತ್ತದೆ. ಬೇಸರದಲ್ಲಿ ಅದನ್ನು ಒತ್ತಬೇಡಿ, ಅಲ್ಲಿ ಅಳಿಸುವ ಚರ್ಚೆಗೆ ಹೋದರೆ ಡ್ರಾಫ್ಟ್‌ಗಿಂತ ಕಷ್ಟ.

ಬಿಟ್ಟುಬಿಟ್ಟರೂ ಒಂದು ಲೆಕ್ಕ ನೆನಪಿರಲಿ: ಆರು ತಿಂಗಳು ಯಾರೂ ಮುಟ್ಟದ ಡ್ರಾಫ್ಟನ್ನು ಅಳಿಸುತ್ತಾರೆ. ಅಳಿದರೂ ಮರಳಿ ಕೊಡಿ ಎಂದು ಕೇಳುವ ಪುಟವಿದೆ, ಸಾಮಾನ್ಯವಾಗಿ ಕೊಡುತ್ತಾರೆ. ಕತ್ತರಿಸಿಟ್ಟ ಹಾಳೆಯ ಹಿಂದೆ ದಿನಾಂಕ, ಆವೃತ್ತಿ, ಪುಟ ಬರೆದಿಟ್ಟಿದ್ದೀರಿ ತಾನೆ? ಇಲ್ಲದಿದ್ದರೆ ಇವತ್ತೇ ಬರೆಯಿರಿ.