ಶಂಕ್ರಣ್ಣ ಸಿನಿಮಾಗೆ ಬಂದ ಮೇಲೆ ನಾಟಕ ಬಿಟ್ಟಿದ್ದರಾ? ಧಾರಾವಾಹಿಗೆ ಕರೆ ಬಂದಿದೆ, ಸಲಹೆ ಬೇಕು

ಪೀಣ್ಯದ ಹುಡುಗ ಕೇಳಿದ್ದು:

ನಮ್ಮಪ್ಪ 26 ವರ್ಷದಿಂದ ಆಟೋ ಓಡಿಸುತ್ತಿದ್ದಾರೆ. ಇಷ್ಟರಲ್ಲಿ ಮೂರು ಗಾಡಿ ಬದಲಾಗಿವೆ, ಹಿಂದಿರುವ ಶಂಕರ್ ನಾಗ್ ಫೋಟೋ ಮಾತ್ರ ಬದಲಾಗಿಲ್ಲ. ಅವರ ಹುಟ್ಟಿದ ದಿನ, ನವೆಂಬರ್ 9 ಬಂದರೆ ಸ್ಟ್ಯಾಂಡಿನಲ್ಲಿ ಹಾರ ಹಾಕಿ ಮೊಸರನ್ನ ಹಂಚುತ್ತಾರೆ. ನಾನು ಬೆಳೆದಿದ್ದೇ ಆ ಮುಖ ನೋಡಿಕೊಂಡು.

ಎರಡು ವರ್ಷದಿಂದ ಒಂದು ಹವ್ಯಾಸಿ ತಂಡದಲ್ಲಿ ನಾಟಕ ಮಾಡುತ್ತಿದ್ದೇನೆ. ಈಗ ಒಂದು ಧಾರಾವಾಹಿಯಲ್ಲಿ ನಾಯಕನ ಗೆಳೆಯನ ಪಾತ್ರಕ್ಕೆ ಕರೆದಿದ್ದಾರೆ. ತಿಂಗಳಿಗೆ 15 ದಿನ ಕೆಲಸ. ಮನೆಗೆ ಆ ದುಡ್ಡು ಬೇಕು. ಆದರೆ ತಂಡದ ಹಿರಿಯರೊಬ್ಬರು, 'ಅಲ್ಲಿಗೆ ಹೋದರೆ ನಟನೆ ಕೆಟ್ಟುಹೋಗುತ್ತೆ, ಆಮೇಲೆ ಇಲ್ಲಿಗೆ ಬರಬೇಡ' ಎಂದರು. ಎರಡು ರಾತ್ರಿ ನಿದ್ದೆ ಬಂದಿಲ್ಲ. ಶಂಕರ್ ನಾಗ್ ನಾಟಕ, ಸಿನಿಮಾ, ಟೀವಿ ಮೂರನ್ನೂ ಮಾಡಿದವರು ಅಲ್ವಾ? ಅವರಿಗೂ ನಾಟಕ ಬರೀ ಮೆಟ್ಟಿಲಾಗಿತ್ತಾ?

ದಾವಣಗೆರೆಯವನು:

ತಮ್ಮಾ, ಅಪ್ಪನಿಗೆ ನನ್ನ ನಮಸ್ಕಾರ ಹೇಳು. 1990ರ ಸೆಪ್ಟೆಂಬರ್ 30ರಂದು ಶಂಕರ್ ಅಪಘಾತದಲ್ಲಿ ತೀರಿಕೊಂಡಿದ್ದು ನಮ್ಮೂರ ಹತ್ತಿರದ ಆನಗೋಡಿನಲ್ಲಿ. ನಾನಾಗ ಏಳನೇ ಕ್ಲಾಸು. ಇವತ್ತಿಗೂ ಆ ದಾರಿಯಲ್ಲಿ ಬಸ್ಸು ಹೋಗುವಾಗ ಮಾತು ನಿಲ್ಲಿಸುತ್ತೇನೆ. ನಮಗೆ ಅವರು 'ಆಟೋ ರಾಜ', 'ಸಾಂಗ್ಲಿಯಾನ'. ದುಡ್ಡು ಬರುವ ಕೆಲಸ ಬಿಡಬೇಡ ಎನ್ನುವುದು ನನ್ನ ಮಾತು.

ಲೈಟಿನ ಮೇಷ್ಟ್ರು:

ಮಗೂ, ನಾನು ಹಗಲು ಬ್ಯಾಂಕಿನಲ್ಲಿ, ಸಂಜೆ ನಾಟಕದ ಲೈಟಿನ ಹಿಂದೆ ಹನ್ನೊಂದು ವರ್ಷ ಕಳೆದವನು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಶಂಕರ್ ಹುಟ್ಟಿದ್ದು 1954ರಲ್ಲಿ, ಹೊನ್ನಾವರದ ಕಡೆ. ನಾಟಕ ಹಿಡಿದದ್ದು ಮುಂಬೈಯಲ್ಲಿ, ಮರಾಠಿ ರಂಗಭೂಮಿಯಲ್ಲಿ. ಮುಂದೆ ಹೆಂಡತಿಯಾದ ಅರುಂಧತಿಯವರ ಪರಿಚಯವಾದದ್ದೂ ಅಲ್ಲೇ. ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' 1978ರಲ್ಲಿ ಬಂತು. ಮೊದಲ ಕನ್ನಡ ಸಿನಿಮಾಗೇ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ. ಇಲ್ಲಿಯವರೆಗೆ ನೋಡಿದರೆ ನೀನು ಹೇಳಿದ ಮೆಟ್ಟಿಲಿನ ಕಥೆಯೇ. ನಾಟಕ ಆಯಿತು, ಸಿನಿಮಾ ಸಿಕ್ಕಿತು, ಪ್ರಶಸ್ತಿಯೂ ಬಂತು. ಬೇರೆ ಯಾರಾದರೂ ಆಗಿದ್ದರೆ ಹಿಂದೆ ತಿರುಗಿ ನೋಡುತ್ತಿರಲಿಲ್ಲ.

ಅವರು ಮಾಡಿದ್ದೇನು ಗೊತ್ತಾ? ಬೆಂಗಳೂರಿಗೆ ಬಂದವರು 'ಸಂಕೇತ್' ಎಂಬ ತಂಡ ಕಟ್ಟಿದರು. ಇತ್ತ ಪೋಸ್ಟರಿನಲ್ಲಿ ಆಟೋ ಓಡಿಸುವ ನಾಯಕ, ಅತ್ತ 'ಅಂಜುಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾ ಛಾಯಾ', 'ನೋಡಿ ಸ್ವಾಮಿ ನಾವಿರೋದೇ ಹೀಗೆ'. ಇದರಲ್ಲಿ 'ಬ್ಯಾರಿಸ್ಟರ್', 'ಸಂಧ್ಯಾ ಛಾಯಾ' ಎರಡೂ ಮರಾಠಿಯ ಜಯವಂತ ದಳವಿಯವರ ನಾಟಕಗಳು. ಮುಂಬೈಯಲ್ಲಿ ಕಲಿತದ್ದನ್ನು ಅವರು ಹಾಗೇ ಕನ್ನಡಕ್ಕೆ ಹೊತ್ತು ತಂದರು. ಮಕ್ಕಳು ದೂರವಾದ ಮುದಿ ಗಂಡ ಹೆಂಡತಿ, ಒಂದು ಮನೆ, 'ಸಂಧ್ಯಾ ಛಾಯಾ' ಅಂದರೆ ಇಷ್ಟೇ. ಹೊಡೆದಾಟ ಇಲ್ಲ, ಹಾಡಿಲ್ಲ. ಅದರಿಂದ ಸ್ಟಾರ್‌ಗಿರಿಗೆ ಏನು ಲಾಭ, ಹೇಳು?

ಇನ್ನು ಕಾರ್ನಾಡರ 'ನಾಗಮಂಡಲ' ಇದೆ. ಅದನ್ನು ರಂಗಕ್ಕೆ ತಂದದ್ದು ಎಂಬತ್ತರ ದಶಕದ ಕೊನೆಗೆ. ಅಂದರೆ 'ಸಾಂಗ್ಲಿಯಾನ' ಬಂದು ಜನ ಮುಗಿಬಿದ್ದು ನೋಡುತ್ತಿದ್ದ ಕಾಲ. ದುಡ್ಡಿನ ಸಿನಿಮಾ ಕೈಯಲ್ಲಿದ್ದಾಗಲೇ ಅವರು ನಾಟಕ ಮಾಡಿಸುತ್ತಿದ್ದರು. ಹನ್ನೆರಡೇ ವರ್ಷದಲ್ಲಿ ಎಂಬತ್ತಕ್ಕೂ ಹೆಚ್ಚು ಸಿನಿಮಾ. ಅದರ ನಡುವೆ 'ಮಿಂಚಿನ ಓಟ', 'ಗೀತಾ', 'ಆಕ್ಸಿಡೆಂಟ್' ನಿರ್ದೇಶನ ಬೇರೆ. ಹೋಗುವಾಗ ವಯಸ್ಸು ಇನ್ನೂ 35.

ನಿಮ್ಮ ಹಿರಿಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಒಮ್ಮೆ ನಾನೂ ಒಂದು ಧಾರಾವಾಹಿಯಲ್ಲಿ ಪೋಸ್ಟ್‌ಮ್ಯಾನ್ ಆಗಿ ಎರಡು ದಿನ ನಿಂತಿದ್ದೆ. ಮೊದಲ ಟೇಕಿಗೇ ಕ್ಯಾಮೆರಾದವರು 'ಸಾರ್, ಪಕ್ಕದ ಬೀದಿಗೆ ಕೇಳಿಸುವುದು ಬೇಡ' ಎಂದರು. ನಾಟಕದಲ್ಲಿ ಕೊನೆ ಸಾಲಿನ ಅಜ್ಜಿಗೂ ಮಾತು ಮುಟ್ಟಬೇಕು. ಅಲ್ಲಿ ಮೈಕು ಎದೆ ಮೇಲೇ ಇರುತ್ತೆ, ಕ್ಯಾಮೆರಾ ಕಣ್ಣಿನ ಹತ್ತಿರ. ಜೊತೆಗೆ ಪ್ರಾಂಪ್ಟಿಂಗ್. ಪಕ್ಕದಲ್ಲಿ ಒಬ್ಬರು ಸಾಲು ಹೇಳಿಕೊಡುತ್ತಾರೆ, ನಾವು ಒಪ್ಪಿಸುತ್ತೇವೆ. ಕೆಡುವುದು ಇಲ್ಲಿ. ಕಂಠಪಾಠದ ಅಭ್ಯಾಸ ತಪ್ಪುತ್ತೆ, ಎದುರಿನವರ ಮಾತು ಕೇಳುವ ಕಿವಿ ಮಂಕಾಗುತ್ತೆ. ಅಭಿನಯ ಸಣ್ಣದು ಮಾಡಿದರೆ ಕೆಡಲ್ಲ. ಕೇಳಿಸಿಕೊಳ್ಳುವುದು ನಿಂತರೆ ಕೆಡುತ್ತೆ.

ಅದಕ್ಕೇ ಹಿಂದಿನ ರಾತ್ರಿಯೇ ಮರುದಿನದ ಸೀನು ಕೇಳಿ ತರಿಸಿಕೋ, ಬಾಯಿಪಾಠ ಮಾಡಿಕೊಂಡು ಹೋಗು. ಪ್ರಾಂಪ್ಟಿಂಗ್ ಬೇಡ ಎಂದು ಗೌರವದಿಂದ ಹೇಳು. ಒಪ್ಪಿಕೊಳ್ಳುವ ಮೊದಲೇ ನಾಟಕದ ತಾರೀಖು ಮ್ಯಾನೇಜರ್ ಕೈಗೆ ಬರೆದು ಕೊಡು. ನಮ್ಮ ತಂಡದಲ್ಲಿ ಒಬ್ಬ ಹುಡುಗ ಹೀಗೆ ಹೇಳದೆ ಹೋಗಿ, ಪ್ರದರ್ಶನದ ಸಂಜೆ ಶೂಟಿಂಗಿನಲ್ಲೇ ಸಿಕ್ಕಿಬಿದ್ದ. ಎಂಟು ಗಂಟೆಗೆ ಪರದೆ ಏಳಬೇಕು, ಅವನಿಲ್ಲ. ನಾನು ಲೈಟಿನ ಡಿಮ್ಮರ್ ಬಿಟ್ಟು, ಸ್ಕ್ರಿಪ್ಟ್ ಕೈಯಲ್ಲಿ ಹಿಡಿದು ಅವನ ಪಾತ್ರ ಓದಿದೆ. ಆ ಸಂಜೆಯ ನೋವು ಇನ್ನೂ ಹೋಗಿಲ್ಲ. ನಿಮ್ಮ ಹಿರಿಯರಿಗೂ ಅಂಥದ್ದೇನೋ ಆಗಿರಬೇಕು. ಸಿಟ್ಟು ಮಾಡಿಕೊಳ್ಳಬೇಡ, ಹೋಗಿ ಮಾತಾಡು.

ಆಗುಂಬೆ ಮಳೆ:

ಮೇಷ್ಟ್ರು ಟೀವಿಯನ್ನು ಬಿಟ್ಟೇಬಿಟ್ಟರಲ್ಲ! ಶಂಕರ್ ನಿರ್ದೇಶಿಸಿದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಶೂಟಿಂಗ್ ನಮ್ಮ ಆಗುಂಬೆಯಲ್ಲೇ ಆದದ್ದು. ಆರ್. ಕೆ. ನಾರಾಯಣರ ಕಥೆಗಳು, ದೂರದರ್ಶನದಲ್ಲಿ 1986–87ರ ಹೊತ್ತಿಗೆ ಬಂತು. ಕೇರಿಗೆಲ್ಲಾ ಒಂದೇ ಟೀವಿ, ನಾವು ಮಕ್ಕಳೆಲ್ಲ ಆ ಮನೆಯ ಜಗಲಿಯಲ್ಲಿ. ಹಿಂದಿ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಆದರೆ ಶೂಟಿಂಗ್ ನಡೆದ ನಮ್ಮೂರ ದೊಡ್ಡಮನೆಯ ಕಂಬ ಕಂಡ ಕೂಡಲೇ ಕೂಗುತ್ತಿದ್ದೆವು.

ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ತಮ್ಮಾ. ಅದರ ಕಥೆಯ ಹುಡುಗ ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಇಬ್ಬರೂ ನಾಟಕದವರು. ಶಂಕರ್ ಟೀವಿಗೆ ಒಬ್ಬರೇ ಹೋಗಲಿಲ್ಲ, ನಾಟಕದವರನ್ನೂ ಕರೆದುಕೊಂಡು ಹೋದರು. ಆ ಅಪ್ಪ ಮಗನನ್ನು ಬರೀ ನೋಡುವ ನೋಟ ನೆನಪು ಮಾಡಿಕೊಳ್ಳಿ. ಟೀವಿಯಲ್ಲಿ ನಟನೆ ಕೆಡುತ್ತೆ ಎಂದು ನಾನು ಒಪ್ಪುವುದಿಲ್ಲ.

ಲೈಟಿನ ಮೇಷ್ಟ್ರು:

ನಿಜ ಅಮ್ಮಾ, ತಪ್ಪಾಯಿತು. ಒಂದು ಮಾತು ಮಾತ್ರ. ಅಲ್ಲಿ ಒಂದೊಂದು ಕಥೆಗೂ ಸಮಯ ಕೊಟ್ಟು ಮಾಡಿದರು. ಈಗ ಈ ಹುಡುಗ ಹೋಗುವುದು ದಿನಾ ಪ್ರಸಾರವಾಗುವ ಧಾರಾವಾಹಿಗೆ. ಆ ಸಮಯ ಅಲ್ಲಿ ಯಾರೂ ಕೊಡುವುದಿಲ್ಲ, ಇವನೇ ಹಿಂದಿನ ರಾತ್ರಿ ಮಾಡಿಕೊಳ್ಳಬೇಕು.

ಪೀಣ್ಯದ ಹುಡುಗ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಇವತ್ತು ಹಿರಿಯರ ಮನೆಗೆ ಹೋಗಿದ್ದೆ. ಡಿಸೆಂಬರ್ ನಾಟಕದ ಮೂರು ತಾರೀಖು ಬರೆಸಿಕೊಂಡು ಬಂದೆ, ನಾಳೆ ಮ್ಯಾನೇಜರಿಗೆ ಕೊಡುತ್ತೇನೆ. ಒಪ್ಪದಿದ್ದರೆ ಈ ಪಾತ್ರ ಬೇಡ ಎಂದು ಅಪ್ಪನೇ ಹೇಳಿದರು. ಅಪ್ಪ ಶಂಕ್ರಣ್ಣನ ಒಂದೂ ನಾಟಕ ನೋಡಿಲ್ಲವಂತೆ. ಈ ಶನಿವಾರ ಜೆ.ಪಿ. ನಗರದ ರಂಗಶಂಕರಕ್ಕೆ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಅರುಂಧತಿಯವರು 2004ರಲ್ಲಿ ಶುರು ಮಾಡಿದ್ದು ಅಂದಾಗ, 'ಶಂಕ್ರಣ್ಣನ ಹೆಸರಲ್ಲಿ ನಾಟಕದ ಮನೆ ಇದೆಯಾ?' ಎಂದು ಎರಡು ಸಲ ಕೇಳಿದರು.

ಲೈಟಿನ ಮೇಷ್ಟ್ರು:

ಅರ್ಧ ಗಂಟೆ ಮುಂಚೆ ಹೋಗಿ. ನಾಟಕ ಶುರುವಾದ ಮೇಲೆ ಅಲ್ಲಿ ಯಾರನ್ನೂ ಒಳಗೆ ಬಿಡುವುದಿಲ್ಲ. ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸು.